ಗೇರು ಬದಲಿಸಿದ್ದು ಯಾರು?

ಈ ಸಲದ ಕಂತಿನ ಪ್ರಶ್ನೆ ಮೇಲ್ನೋಟಕ್ಕೆ ಗ್ಯಾರೇಜಿನದ್ದು ಅನಿಸುತ್ತೆ. ನಿಮ್ಮ ಕಾರಿನ ಒಂದು ಬೋಲ್ಟನ್ನೂ ಯಾರೂ ಬದಲಿಸಿಲ್ಲ. ಒಂದು ಗೀರೂ ಬಿದ್ದಿಲ್ಲ. ಸಾಫ್ಟ್‌ವೇರ್ ಮಾತ್ರ ಅಪ್‌ಡೇಟ್ ಆಗಿದೆ. ಮಾರನೇ ದಿನ ಬೆಟ್ಟ ಇಳಿಯುವಾಗ, ನಿನ್ನೆಯವರೆಗೆ ತಾನಾಗಿ ಹಿಡಿಯುತ್ತಿದ್ದ ಗೇರನ್ನು ಅದು ಹಿಡಿಯುವುದಿಲ್ಲ. ಇದು ನೀವು ಕೊಂಡ ಕಾರೇನಾ? ಅಲ್ಲ ಅಂತಾದರೆ, ನಿಮಗೆ ಯಾರಾದರೂ ಅನ್ಯಾಯ ಮಾಡಿದ್ದಾರಾ? ಒಟ್ಟಾರೆ ನೋಡಿದರೆ ಕಾರು ಮೊದಲಿಗಿಂತ ಉತ್ತಮವೇ ಆಗಿದ್ದರೂ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಒಪ್ಪದವರು ಜಗಳಕ್ಕೆ ತಯಾರಾಗಬಹುದು. ಬದಲಾಯಿಸಿದ್ದು ತಪ್ಪಲ್ಲ. ಹೇಳದೆ ಬದಲಾಯಿಸಿದ್ದು ತಪ್ಪು. ಬದಲಾಗಿದೆ ಎಂದು ಗುರುತಿಸಿದವನಿಗೆ "ಏನೂ ಆಗಿಲ್ಲ" ಅನ್ನುವುದು ಅದಕ್ಕಿಂತ ದೊಡ್ಡ ತಪ್ಪು.

ಮೊದಲು ಯಂತ್ರವನ್ನು ಸ್ವಲ್ಪ ನೋಡೋಣ, ಯಾಕಂದ್ರೆ ನೈತಿಕ ಪ್ರಶ್ನೆ ಅಡಗಿರುವುದೇ ಅಲ್ಲಿ. ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಜನರಲ್ ಮೋಟರ್ಸ್‌ನ ಹೈಡ್ರಾಮ್ಯಾಟಿಕ್. 1939ರಲ್ಲಿ, ಮರುವರ್ಷದ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ ಬಂತು. ಅದರಲ್ಲಿ ಚಿಪ್ ಇರಲಿಲ್ಲ, ಇದ್ದದ್ದು ಎಣ್ಣೆಯ ಒತ್ತಡ. ಕಾರಿನ ವೇಗ ಹೆಚ್ಚಿದಂತೆ ಗವರ್ನರ್ ಒಂದು ಕಡೆಯಿಂದ ಒತ್ತುತ್ತಿತ್ತು, ನಿಮ್ಮ ಕಾಲು ಆಕ್ಸಿಲರೇಟರ್ ಮೂಲಕ ಇನ್ನೊಂದು ಕಡೆಯಿಂದ. ನಡುವೆ ಕವಾಟ ಮತ್ತು ಸ್ಪ್ರಿಂಗು. ಯಾವ ಕಡೆ ಗೆಲ್ಲುತ್ತೋ ಅದರಂತೆ ಗೇರು. ಈ ನಿಯಮವನ್ನು ಬದಲಿಸಬೇಕಾದರೆ ಒಬ್ಬ ಮೆಕ್ಯಾನಿಕ್ ಕಾರಿನ ಕೆಳಗೆ ಮಲಗಬೇಕಿತ್ತು, ಕೈ ಮಸಿ ಮಾಡಿಕೊಳ್ಳಬೇಕಿತ್ತು. ಬದಲಿಸಿದವನು ಯಾರು ಅಂತ ಕೇಳಿದರೆ ತೋರಿಸಲು ಒಬ್ಬ ಮನುಷ್ಯನಾದರೂ ಇದ್ದ.

ಇವತ್ತಿನ ಗೇರ್‌ಬಾಕ್ಸಿನಲ್ಲೂ ಎಣ್ಣೆ ಇದೆ, ಕ್ಲಚ್ ಇದೆ. ತೀರ್ಮಾನ ಮಾತ್ರ ಕಂಪ್ಯೂಟರಿನದ್ದು. ಎದುರಿಗಿರುವುದು ಬೆಟ್ಟ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ? ಲೆಕ್ಕ ಹಾಕುತ್ತೆ. ಇಂಜಿನ್ ಇಷ್ಟು ಬಲ ಕೊಡುತ್ತಿದೆ, ಸಮತಟ್ಟಾದ ರಸ್ತೆಯಾದರೆ ವೇಗ ಇಷ್ಟು ಏರಬೇಕಿತ್ತು, ಏರಿಲ್ಲ. ಹಾಗಾದರೆ ಇದು ಏರು. ಕಾಲು ತೆಗೆದರೂ ವೇಗ ಹೆಚ್ಚುತ್ತಿದೆ, ಹಾಗಾದರೆ ಇಳಿಜಾರು. ಏರಿನಲ್ಲಿ ಗೇರು ಮೇಲೆ ಕೆಳಗೆ ತಡಕಾಡದಂತೆ ಕೆಳಗಿನ ಗೇರನ್ನೇ ಹಿಡಿದಿಡುತ್ತದೆ. ಇಳಿಜಾರಿನಲ್ಲಿ ನೀವು ಬ್ರೇಕ್ ಮುಟ್ಟಿದಾಗ ಗೇರು ಇಳಿಸಿ, ಇಂಜಿನ್ನೇ ಕಾರನ್ನು ತಡೆಯುವಂತೆ ಮಾಡುತ್ತದೆ. ಎಷ್ಟು ಕಡಿದಾದ ಇಳಿಜಾರಿಗೆ ಹೀಗೆ ಮಾಡಬೇಕು, ಎಷ್ಟು ಹೊತ್ತು ಹಿಡಿದಿಡಬೇಕು ಅನ್ನುವುದೆಲ್ಲ ಒಂದು ಕೋಷ್ಟಕದಲ್ಲಿ ಕೂತಿರುವ ಅಂಕಿಗಳು. ಅಪ್‌ಡೇಟ್ ಆ ಅಂಕಿಗಳನ್ನು ತಿದ್ದಬಹುದು. ತಿದ್ದಿದವರ ಕೈಗೆ ಮಸಿ ಅಂಟುವುದಿಲ್ಲ.

ಊರಲ್ಲಿ ಗಾಡಿ ಕಲಿತವರಿಗೆ ಇಳಿಜಾರಿನ ವಿಷಯ ಹೇಳಿಕೊಡಬೇಕಾಗಿಲ್ಲ. ಆಗುಂಬೆಯ 14 ತಿರುವುಗಳಲ್ಲಿ ಇಳಿದವರು ಯಾರನ್ನೇ ಕೇಳಿ, "ಹತ್ತೋ ಗೇರಲ್ಲೇ ಇಳೀಬೇಕು" ಅಂತಾರೆ. ಬ್ರೇಕ್ ಒಂದನ್ನೇ ನಂಬಿದರೆ ಅದು ಕಾಯುತ್ತೆ, ಸುಟ್ಟ ವಾಸನೆ ಬರುತ್ತೆ, ಕೊನೆಗೆ ತುಳಿದರೂ ಹಿಡಿಯಲ್ಲ. ಅಮೆರಿಕದ ಘಾಟಿಗಳಲ್ಲೂ ಲಾರಿಗಳು ಕೆಳಗಿನ ಗೇರು ಬಳಸಬೇಕು ಅಂತ ಫಲಕ ಹಾಕಿರುವುದು ಇದಕ್ಕೇ. ನಾವು ಇಲ್ಲಿಗೆ ಬಂದು ಆಟೊಮ್ಯಾಟಿಕ್ ಕೊಂಡಾಗ, ಎಡಗೈಯಲ್ಲಿದ್ದ ಆ ವಿದ್ಯೆಯನ್ನು ಕಾರಿಗೆ ಒಪ್ಪಿಸಿ ಆರಾಮಾಗಿ ಕೂತೆವು. ಒಪ್ಪಿಸಿದ್ದರಲ್ಲಿ ತಪ್ಪೇನಿಲ್ಲ. ಆದರೆ ಒಪ್ಪಿಸಿದ್ದು ಯಾರಿಗೆ ಅಂತ ಆಗ ಕೇಳಿರಲಿಲ್ಲ. ಕಾರಿಗೆ ಅಂದುಕೊಂಡಿದ್ದೆವು.

ಸ್ಯಾನ್ ಹೋಸೆಯಿಂದ ಸಾಂತಾ ಕ್ರೂಸ್‌ಗೆ ಹೋಗುವ ಹೈವೇ 17 ಬೇ ಏರಿಯಾದವರಿಗೆಲ್ಲ ಪರಿಚಯ. ಸುಮಾರು 1,800 ಅಡಿ ಹತ್ತಿ, ಮತ್ತೆ ಸಮುದ್ರದ ಕಡೆ ಇಳಿಯುವ, ಇಕ್ಕಟ್ಟಾದ, ತಿರುವುಗಳ ರಸ್ತೆ. ನನ್ನ ಸ್ನೇಹಿತರೊಬ್ಬರು ವಾರಕ್ಕೆ ಎರಡು ಮೂರು ಸಲ ಅಲ್ಲಿ ಓಡಾಡುತ್ತಾರೆ. ತೀರ್ಥಹಳ್ಳಿ ಕಡೆಯವರು, ಆಗುಂಬೆಯಲ್ಲಿ ಜೀಪು ಓಡಿಸಿ ಕಲಿತವರು. ಕಳೆದ ವರ್ಷ ಆಯಿಲ್ ಬದಲಿಸಲು ಕಾರು ಸರ್ವಿಸ್‌ಗೆ ಬಿಟ್ಟಾಗ ಸಾಫ್ಟ್‌ವೇರನ್ನೂ ಅಪ್‌ಡೇಟ್ ಮಾಡಿ ಕಳಿಸಿದರು. ಬಿಲ್ಲಿನ ಕೊನೆಯಲ್ಲಿ ಒಂದು ಸಾಲು, ಅದರಲ್ಲೊಂದು ಸಂಖ್ಯೆ, ಅಷ್ಟೆ. ಆಮೇಲಿಂದ ಇಳಿಜಾರಿನಲ್ಲಿ ಬ್ರೇಕ್ ಮುಟ್ಟಿದರೂ ಕಾರು ಮೇಲಿನ ಗೇರಿನಲ್ಲೇ ಜಾರುತ್ತಿದೆ ಅಂತ ಅವರಿಗೆ ಅನಿಸಿತು. ವಾಪಸ್ ಹೋದರು. ಸ್ಕ್ಯಾನರ್ ಹಾಕಿ ನೋಡಿದರು, ಯಾವ ಕೋಡೂ ಇಲ್ಲ. ಕಾರು ನಾರ್ಮಲ್ ಅಂದರು. ಎರಡನೇ ಸಲ ಹೋದಾಗ, ಇನ್ನೊಂದಷ್ಟು ಮೈಲಿ ಓಡಿಸಿ, ಅದು ನಿಮ್ಮ ಡ್ರೈವಿಂಗ್ ಕಲಿತುಕೊಳ್ಳುತ್ತೆ ಅಂದರು. ಮೂರನೇ ಸಲ ಅವರು ಹೋಗಲಿಲ್ಲ. ನನ್ನ ಹತ್ತಿರ ಬಂದು ಕೇಳಿದ್ದು ಕಾರಿನ ವಿಷಯವನ್ನೂ ಅಲ್ಲ: "ನನಗೇ ವಯಸ್ಸಾಯ್ತಾ ಮಾರಾಯ? ಮೊದಲು ನಾನು ಇಷ್ಟು ಬ್ರೇಕ್ ಹಾಕ್ತಿರಲಿಲ್ಲ. ಅಥವಾ ಹಾಕ್ತಿದ್ನೋ?"

ನನಗೆ ಚುಚ್ಚಿದ್ದು ಈ ಮಾತು. ಮೂವತ್ತು ವರ್ಷ ಗಾಡಿ ಓಡಿಸಿದ ಕಾಲು ಒಂದು ನಿಜವನ್ನು ಸರಿಯಾಗಿ ಗುರುತಿಸಿತ್ತು. ಆ ಕಾಲಿಗೆ ಸಾಕ್ಷಿ ಇಲ್ಲ, ಸ್ಕ್ಯಾನರಿಗೆ ಇದೆ. ಸ್ಕ್ಯಾನರ್ ಸುಳ್ಳು ಹೇಳಲಿಲ್ಲ ಅನ್ನುವುದನ್ನೂ ಗಮನಿಸಿ. ಹೊಸ ನಿಯಮದ ಪ್ರಕಾರ ಕಾರು ನಾರ್ಮಲ್ಲೇ. ಬದಲಾಗಿದ್ದು ನಾರ್ಮಲ್ ಅನ್ನುವುದರ ಅರ್ಥ, ಅದನ್ನು ಅಳೆಯುವ ಕೋಡ್ ಯಾವುದೂ ಇಲ್ಲ. "ಕಲಿತುಕೊಳ್ಳುತ್ತೆ" ಅನ್ನುವ ಮಾತನ್ನೂ ಸ್ವಲ್ಪ ಬಿಡಿಸಿ ನೋಡಿ. ಇವತ್ತಿನ ಗೇರ್‌ಬಾಕ್ಸುಗಳು ನೀವು ಓಡಿಸುವ ರೀತಿಗೆ, ಕ್ಲಚ್ ಸವೆದಿರುವುದಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತವೆ. ಅಪ್‌ಡೇಟ್ ಮಾಡಿದಾಗ ಎಷ್ಟೋ ಸಲ ಆ ಕಲಿಕೆಯನ್ನು ಅಳಿಸಿ ಹೊಸದಾಗಿ ಶುರುಮಾಡುತ್ತಾರೆ. ಕಾರು ನಿಮ್ಮನ್ನು ಮರೆಯಿತು. ನೀವು ಕಾರನ್ನು ಮರೆತಿಲ್ಲ. ನಿಮ್ಮ ಕಾಲಿನ ನೆನಪನ್ನು ಅಳಿಸುವ ಕೇಬಲ್ ಯಾವ ಗ್ಯಾರೇಜಿನಲ್ಲೂ ಇಲ್ಲ. ಇಬ್ಬರೂ ಸೇರಿ ಮಾಡಿಕೊಂಡ ಹೊಂದಾಣಿಕೆಯಲ್ಲಿ ಒಬ್ಬರ ಕಡೆಯದ್ದನ್ನು ಮಾತ್ರ ಒರೆಸಿ, ಇನ್ನೊಬ್ಬರಿಗೆ ಹೇಳದೆ ಇಳಿಜಾರಿಗೆ ಕಳಿಸಿದ ಹಾಗಾಯಿತು.

ರಥದ ಬಗ್ಗೆ ನಮ್ಮಲ್ಲಿ ಹಳೆಯ ಚರ್ಚೆಯೊಂದಿದೆ, ಬೌದ್ಧರ ಮಿಲಿಂದ ಪನ್ಹದಲ್ಲಿ. ಅಚ್ಚು ರಥವಾ, ಗಾಲಿ ರಥವಾ, ನೊಗ ರಥವಾ ಅಂತ ನಾಗಸೇನ ಒಂದೊಂದಾಗಿ ರಾಜನನ್ನು ಕೇಳುತ್ತಾನೆ. ಯಾವುದೂ ಅಲ್ಲ, ಬಿಡಿಭಾಗಗಳನ್ನು ಆಧರಿಸಿ ಕೊಟ್ಟ ಹೆಸರು ರಥ. ಎರಡು ಸಾವಿರ ವರ್ಷದ ಈ ವಾದವನ್ನು ನಮ್ಮ ಕಾರು ತಲೆಕೆಳಗು ಮಾಡುತ್ತೆ. ಇಲ್ಲಿ ಬಿಡಿಭಾಗಗಳೆಲ್ಲ ನಿನ್ನೆಯವೇ, ಹೆಸರೂ ನಿನ್ನೆಯದೇ, ರಿಜಿಸ್ಟ್ರೇಷನ್ ಕೂಡ. ಬದಲಾದದ್ದು ನಡತೆ. ನನ್ನ ಮಟ್ಟಿಗೆ, ಓಡಿಸುವವನಿಗೆ ಕಾರು ಅಂದರೆ ಅದರ ನಡತೆಯೇ. ಉಳಿದದ್ದು ವಿಮೆಯವರಿಗೆ.

ಕಂಪನಿಗಳ ಕಡೆಯ ವಾದ ದುರ್ಬಲವಲ್ಲ. ಮೇಲಿನ ಗೇರಿಗೆ ಬೇಗ ಹೋದರೆ ಸಾಮಾನ್ಯವಾಗಿ ಇಂಧನ ಉಳಿಯುತ್ತೆ, ಸದ್ದು ಕಡಿಮೆ, ಹೊಗೆ ಕಡಿಮೆ. ಲಕ್ಷಾಂತರ ಕಾರುಗಳಿಗೆ ಹಾಕಿ ಗುಣಿಸಿದರೆ ಅದು ಸಣ್ಣ ಪುಣ್ಯವಲ್ಲ. ಒಬ್ಬ ಬೆಟ್ಟದವನ ಅಭ್ಯಾಸಕ್ಕಾಗಿ ಎಲ್ಲರ ಗಾಳಿಯನ್ನು ಕೆಡಿಸಬೇಕಾ? ಒಳ್ಳೆಯ ಪ್ರಶ್ನೆ. ಆದರೆ ಒಂದು ವಿಷಯ ನೋಡಿ. ಅಮೆರಿಕದ ಪರಿಸರ ಸಂಸ್ಥೆ ಮೈಲೇಜ್ ಅಳೆಯುವುದು ಪ್ರಯೋಗಾಲಯದಲ್ಲಿ, ಉರುಳೆಗಳ ಮೇಲೆ ಕಾರನ್ನು ನಿಂತಲ್ಲೇ ಓಡಿಸಿ. ಆ ಪರೀಕ್ಷೆಯ ರಸ್ತೆಯಲ್ಲಿ ಏರಿಲ್ಲ, ಇಳಿಜಾರಿಲ್ಲ. ಬೆಟ್ಟವೇ ಇಲ್ಲದ ಊರಿನಲ್ಲಿ ಅಳೆದ ಒಳ್ಳೆಯದನ್ನು ಬೆಟ್ಟದವನಿಗೂ ಹಂಚುವಾಗ, ಕನಿಷ್ಠ ಪಕ್ಷ ಅವನಿಗೆ ಒಂದು ಮಾತು ಹೇಳಬೇಡವೇ?

ಇನ್ನೊಂದು ಕಡೆಯಿಂದಲೂ ಬನ್ನಿ. 2018ರ ಮೇ ತಿಂಗಳಲ್ಲಿ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಟೆಸ್ಲಾ ಮಾಡೆಲ್ 3ನ್ನು ಪರೀಕ್ಷಿಸಿ, ಗಂಟೆಗೆ 60 ಮೈಲಿ ವೇಗದಿಂದ ನಿಲ್ಲಲು ಅದಕ್ಕೆ 152 ಅಡಿ ಬೇಕು, ಶಿಫಾರಸು ಮಾಡೋಲ್ಲ ಅಂದಿತು. ಕೆಲವೇ ದಿನಗಳಲ್ಲಿ ಕಂಪನಿ ಗಾಳಿಯಲ್ಲೇ ಅಪ್‌ಡೇಟ್ ಕಳಿಸಿತು. ಮತ್ತೆ ಅಳೆದಾಗ 133 ಅಡಿ. ಯಾರೂ ಗ್ಯಾರೇಜಿಗೆ ಹೋಗಲಿಲ್ಲ, ಪತ್ರಿಕೆ ಶಿಫಾರಸನ್ನೂ ಕೊಟ್ಟಿತು. ಇಂಥ ಒಳಿತಿಗೆ ಪ್ರತಿಯೊಬ್ಬ ಮಾಲೀಕನ ಒಪ್ಪಿಗೆ ಬರುವವರೆಗೆ ಕಾಯಬೇಕು ಅಂತ ನಾನು ಹೇಳಲಾರೆ. ಹತ್ತೊಂಬತ್ತು ಅಡಿ ಅಂದರೆ ರಸ್ತೆ ದಾಟುತ್ತಿರುವ ಒಂದು ಜೀವ. ಆದರೆ ಒಪ್ಪಿಗೆ ಬೇರೆ, ತಿಳಿಸುವುದು ಬೇರೆ. ಒಪ್ಪಿಗೆ ಕೇಳುವಷ್ಟು ಹೊತ್ತಿಲ್ಲದಿದ್ದರೂ ತಿಳಿಸುವುದಕ್ಕೆ ಹೊತ್ತು ಇದ್ದೇ ಇರುತ್ತೆ.

ಮಹಾಭಾರತದಲ್ಲಿ ಶಲ್ಯ ಕರ್ಣನಿಗೆ ಸಾರಥಿಯಾಗಲು ಒಪ್ಪಿದ್ದು ಒಂದು ಷರತ್ತಿನ ಮೇಲೆ: ನನಗೆ ತೋಚಿದ್ದನ್ನು ನಾನು ಅವನಿಗೆ ಆಡುತ್ತೇನೆ, ಸಹಿಸಿಕೊಳ್ಳಬೇಕು. ರಥದ ಮೇಲೆ ಅವನು ಆಡಿದ ಮಾತುಗಳು ಕರ್ಣನ ಧೈರ್ಯ ಕುಂದಿಸುವಂಥವು. ಅಷ್ಟು ಕೆಟ್ಟ ಸಾರಥಿ ಕೂಡ ತನ್ನ ಷರತ್ತನ್ನು ರಥ ಹತ್ತುವ ಮೊದಲೇ, ಎಲ್ಲರೆದುರು ಹೇಳಿದ್ದ. ನಮ್ಮ ಗೇರ್‌ಬಾಕ್ಸಿನ ಸಾರಥಿಯಿಂದ ಶಲ್ಯನಷ್ಟು ಪ್ರಾಮಾಣಿಕತೆ ಕೇಳುವುದು ಅತಿಯಾಸೆಯಾ, ಹೇಳಿ.

ಕಾನೂನು ಇಲ್ಲಿ ಅರ್ಧ ದಾರಿ ಬಂದಿದೆ. ವಿಶ್ವಸಂಸ್ಥೆಯ ನಿಯಮ 156, 2021ರ ಜನವರಿಯಲ್ಲಿ ಜಾರಿಗೆ ಬಂದದ್ದು, ಗಾಳಿಯಲ್ಲಿ ಬರುವ ಅಪ್‌ಡೇಟ್‌ಗಳ ಬಗ್ಗೆ ಇದನ್ನೇ ಹೇಳುತ್ತದೆ: ಉದ್ದೇಶವೇನು, ವಾಹನದ ಕೆಲಸದಲ್ಲಿ ಏನು ಬದಲಾಗುತ್ತದೆ ಎಂದು ಬಳಸುವವರಿಗೆ ಮುಂಚೆಯೇ ತಿಳಿಸಬೇಕು. ಯುರೋಪಿನಲ್ಲಿ ಇದು ಬಾಧ್ಯತೆ, ಅಮೆರಿಕದಲ್ಲಿ ಅಲ್ಲ. ಇಲ್ಲಿರುವವರಿಗೆ ಒಂದು ದಾರಿ ಇದೆ. ಕಂಪನಿಗಳು ಡೀಲರುಗಳಿಗೆ ಕಳಿಸುವ ಸರ್ವಿಸ್ ಬುಲೆಟಿನ್‌ಗಳ ಪ್ರತಿಯನ್ನು ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎಗೆ ಕೊಡಬೇಕು, ಅವು ಅದರ ವೆಬ್‌ಸೈಟಿನಲ್ಲಿ ಸಿಗುತ್ತವೆ. ನಿಮ್ಮ ಕಾರಿನ ಮಾದರಿ, ವರ್ಷ ಹಾಕಿ ಹುಡುಕಿ. ಭಾಷೆ ಒಣಗಿದ್ದು, ಆದರೆ ಬಿಲ್ಲಿನ ಮೇಲಿನ ಸಂಖ್ಯೆಗಿಂತ ಮೇಲು. ಇಳಿಜಾರಿನಲ್ಲಿ ಪ್ಯಾಡಲ್ ಒತ್ತಿಯೋ, ಎಲ್ ಅಥವಾ ಎಸ್‌ಗೆ ಹಾಕಿಯೋ ಗೇರನ್ನು ನೀವೇ ಆರಿಸಬಹುದು ಅನ್ನುವುದೂ ನಿಜ. ನನ್ನ ಸ್ನೇಹಿತರು ಈಗ ಹಾಗೇ ಮಾಡುತ್ತಾರೆ. ಎಡಗೈಯ ವಿದ್ಯೆ ಎರಡು ಬೆರಳಿಗೆ ವಾಪಸ್ ಬಂದಿದೆ.

ಒಂದು ತೊಡಕು ಮಾತ್ರ ನಿಯಮ 156ರಲ್ಲೂ ಪೂರ್ತಿ ಬಗೆಹರಿಯುವಂತೆ ನನಗೆ ಕಾಣುವುದಿಲ್ಲ. ತಿಳಿಸಬೇಕಾದ್ದು ಯಾರಿಗೆ? ನಮ್ಮ ಮನೆಗಳಲ್ಲಿ ಕಾರು ಒಬ್ಬರ ಹೆಸರಲ್ಲಿ, ಆ್ಯಪ್ ಅವರ ಫೋನಿನಲ್ಲಿ. ಅವರು ಕಾಫಿ ಕುಡಿಯುತ್ತಾ ಅಪ್‌ಡೇಟ್‌ಗೆ ಹೂಂ ಅಂತಾರೆ, ಬೆಳಿಗ್ಗೆ ಅದೇ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬೆಟ್ಟ ಇಳಿಯುವವರು ಇನ್ನೊಬ್ಬರು. ನನ್ನ ಸ್ನೇಹಿತರ ಕಾರನ್ನು ಮಂಗಳವಾರ ಅವರ ಹೆಂಡತಿ ಓಡಿಸುತ್ತಾರೆ, ಅದೇ ಹೈವೇ 17ರಲ್ಲಿ. ಸರ್ವಿಸ್‌ನವರು ಅವರಿಗೆ ಹೇಳುವ ಪ್ರಶ್ನೆಯೇ ಇರಲಿಲ್ಲ. ಗಂಡ ಹೇಳಿದ್ದು ಮೂರು ವಾರದ ಮೇಲೆ, ತನ್ನ ವಯಸ್ಸಿನ ಬಗೆಗಿನ ಅನುಮಾನ ಕಳೆದ ನಂತರ. ಆಕೆ ಹೇಳಿದರಂತೆ: "ಅಯ್ಯೋ, ನಂಗೂ ಹಾಗೇ ಆಗ್ತಿತ್ತು ಕಣ್ರೀ. ನಾನೇ ಏನೋ ಸರಿಯಾಗಿ ಓಡಿಸ್ತಿಲ್ಲ ಅಂದ್ಕೊಂಡು ಸುಮ್ನಿದ್ದೆ."