ಕೊಟ್ಟವರ ಮೇಲಿನ ಋಣ

ಮಾಯಾ ಜನರ ಪುರಾಣವಾದ ‘ಪೊಪೊಲ್ ವುಹ್’ ಪ್ರಕಾರ ದೇವತೆಗಳು ಮನುಷ್ಯನನ್ನು ಮೊದಲು ಮಣ್ಣಿನಿಂದ, ಆಮೇಲೆ ಮರದಿಂದ ಮಾಡಿ ನೋಡಿದರು. ಎರಡೂ ಕೈಗೂಡದೆ ಕೊನೆಗೆ ಮೆಕ್ಕೆಜೋಳದ ಹಿಟ್ಟಿನಿಂದ ಮಾಡಿದರು. ಗ್ವಾಟೆಮಾಲಾದ ಬೆಟ್ಟದ ಊರುಗಳಲ್ಲಿ ಇಂದಿಗೂ ಅಡುಗೆಮನೆ ನಡೆಯುವುದು ಆ ಜೋಳದಿಂದಲೇ. ಸುಣ್ಣ ಹಾಕಿ ಬೇಯಿಸಿದ ಕಾಳನ್ನು ತೊಳೆದು, ರುಬ್ಬಿ, ಅಂಗೈಯಲ್ಲಿ ತಟ್ಟಿ ಹೆಂಚಿನ ಮೇಲೆ ಸುಡುತ್ತಾರೆ. ಹಾಗಿದ್ದೂ 2014–15ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಆ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಶೇ. 47ರಷ್ಟು ಮಂದಿ ಪೌಷ್ಟಿಕ ಆಹಾರದ ಕೊರತೆಯಿಂದ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಮಾಯಾ ಕುಟುಂಬಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು.

ಇಂಥ ಮನೆಗಳ ಮಕ್ಕಳಿಗೆ ಸ್ಪಾನ್ಸರ್ ಆಗುವವರಲ್ಲಿ ಅಮೆರಿಕದ ಚರ್ಚುಗಳ ಭಕ್ತರು ಬಹಳ. ತಿಂಗಳಿಗೆ ಸುಮಾರು 40 ಡಾಲರ್ ಕಳಿಸುತ್ತಾರೆ. ಅತ್ತಲಿಂದ ಮಗುವಿನ ಫೋಟೋ, ಆಗಾಗ ಒಂದು ಕಾಗದ ಬರುತ್ತದೆ. ಈ ಹಣದಿಂದ ಪ್ರಯೋಜನವಿದೆಯೇ? ಇದೆ. ಅರ್ಥಶಾಸ್ತ್ರಜ್ಞ ಬ್ರೂಸ್ ವೈಡಿಕ್ ಮತ್ತು ಸಂಗಡಿಗರು ಗ್ವಾಟೆಮಾಲಾ, ಭಾರತ ಸೇರಿದಂತೆ ಆರು ದೇಶಗಳಲ್ಲಿ ಇಂಥ ಸ್ಪಾನ್ಸರ್‌ಗಳನ್ನು ಹೊಂದಿಸುವ ಕಂಪ್ಯಾಶನ್ ಸಂಸ್ಥೆಯ ನೆರವಿನಿಂದ ಬೆಳೆದವರ ಬಗ್ಗೆ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ನೆರವು ಸಿಗದವರಿಗಿಂತ ಇವರು ಸರಾಸರಿ ಒಂದು ವರ್ಷಕ್ಕೂ ಹೆಚ್ಚು ಓದಿದ್ದರು. ಆರನೇ ತರಗತಿ ಮುಗಿಸಿ, ಬಸ್ ಹತ್ತಿ ಬೇರೆ ಊರಿನ ಶಾಲೆಗೆ ಹೋಗಬೇಕಾದ ಹುಡುಗಿಗೆ ಆ ಒಂದು ವರ್ಷ ದೊಡ್ಡದು.

ಉಳಿಯುವುದು ಧರ್ಮದ ಪ್ರಶ್ನೆ. ಕೊಟ್ಟವರು ಆ ಮಗುವಿಗೆ ಏನಾಗಬೇಕು?

ಬಲಗೈ ಕೊಟ್ಟದ್ದು ಎಡಗೈಗೂ ಗೊತ್ತಾಗಬಾರದು ಎಂಬುದು ಯೇಸುವಿನ ಬೋಧನೆ. ತಿರುಗಿ ಏನನ್ನೂ ಬಯಸದೆ ಕೊಟ್ಟದ್ದನ್ನು ಗೀತೆ ಸಾತ್ತ್ವಿಕ ದಾನವೆಂದು ಕರೆಯುತ್ತದೆ. ಕೊಡುವಾಗ ಸಂಕೋಚವಿರಬೇಕು ಎನ್ನುತ್ತದೆ ತೈತ್ತಿರೀಯ ಉಪನಿಷತ್ತು. ಇಲ್ಲಾದರೋ ಮನೆಯಲ್ಲಿ ಮಾಮ್ ಅಥವಾ ಕಾಕ್ಚಿಕೆಲ್ ಎಂಬ ಮಾಯಾ ಭಾಷೆ ಆಡುವ ಎಂಟು ವರ್ಷದ ಮಗು ಶಾಲೆಯಲ್ಲಿ ಕಲಿತ ಸ್ಪ್ಯಾನಿಷ್‌ನಲ್ಲಿ, ಎಂದೂ ಕಾಣದ ಯಾರಿಗೋ ಧನ್ಯವಾದ ಬರೆಯುತ್ತ ಕೂರಬೇಕು. ಮುಖ ಕಂಡರೆ ಮನಸ್ಸು ಕರಗುತ್ತದೆ, ಹಣ ಹೊರಡುತ್ತದೆ, ನಿಜ. ಅದಕ್ಕಾಗಿ ಬಾಲ್ಯದ ಮೇಲೆ ಉಪಕಾರಸ್ಮರಣೆಯ ಹೊರೆ ಹೊರಿಸುವುದು ಅನ್ಯಾಯ.

ಪಡೆಯುವವರ ಕಡೆಯಿಂದಲೂ ನೋಡಬೇಕು. ಅತಿತ್ಲಾನ್ ಸರೋವರದ ದಡದಲ್ಲಿ ತ್ಸುತುಹಿಲ್ ಮಾಯಾ ಜನರ ಊರು ಸಾಂತಿಯಾಗೊ ಅತಿತ್ಲಾನ್. ಅಲ್ಲಿ ‘ಕೊಫ್ರಾದಿಯಾ’ ಎಂಬ ಭಕ್ತಮಂಡಳಿಗಳಿವೆ. ಸರದಿ ಬಂದವರು ಸಂತನ ಮೂರ್ತಿಯನ್ನು ಮನೆಯಲ್ಲಿಟ್ಟು ಪೂಜಿಸಿ, ಹಬ್ಬದ ಖರ್ಚು ಹೊರುತ್ತಾರೆ. ಕೂಡಿಟ್ಟದ್ದು ಕರಗುತ್ತದೆ, ಊರಿನಲ್ಲಿ ಮಾನ ಹೆಚ್ಚುತ್ತದೆ. ಕೊಡುವುದೇ ಮರ್ಯಾದೆಯಾಗಿರುವ ಇಂಥ ಕಡೆ ಸದಾ ಕೈಚಾಚುವವರಾಗಿ ಉಳಿಯುವುದು ಹಸಿವಿನಷ್ಟೇ ಕಷ್ಟದ್ದು. ಮಗ್ಗದ ಒಂದು ತುದಿಯನ್ನು ಕಂಬಕ್ಕೆ, ಇನ್ನೊಂದನ್ನು ಸೊಂಟಕ್ಕೆ ಕಟ್ಟಿಕೊಂಡು ನೇಯ್ದ ಬಟ್ಟೆಯನ್ನು ತಾಯಿ ತಂದು ಕೈಗಿತ್ತರೆ, ನೋಡಲು ಬಂದ ಸ್ಪಾನ್ಸರ್ ‘ನಿಮಗೇ ಇರಲಿ’ ಎನ್ನಬಾರದು. ತೆಗೆದುಕೊಳ್ಳಬೇಕು.

ಹಳೆಯ ಲೆಕ್ಕವೂ ಒಂದಿದೆ. 1950ರ ಹೊತ್ತಿಗೆ ಗ್ವಾಟೆಮಾಲಾದ ಕೃಷಿಭೂಮಿಯಲ್ಲಿ ಸುಮಾರು ಶೇ. 70ರಷ್ಟು, ಶೇ. 2ರಷ್ಟು ಭೂಮಾಲೀಕರ ಕೈಯಲ್ಲಿತ್ತು. 1952ರಲ್ಲಿ ಅಧ್ಯಕ್ಷ ಹಕೊಬೊ ಆರ್ಬೆನ್ಸ್ ದೊಡ್ಡ ಎಸ್ಟೇಟುಗಳ ಬೀಳು ಜಮೀನನ್ನು ಬಡವರಿಗೆ ಹಂಚಲು ಕಾನೂನು ತಂದರು. ಅಮೆರಿಕದ ಯುನೈಟೆಡ್ ಫ್ರೂಟ್ ಕಂಪನಿಯೂ ಜಮೀನು ಬಿಡಬೇಕಾಯಿತು. 1954ರಲ್ಲಿ ಸಿಐಎ ಬೆಂಬಲದ ದಂಗೆ ಆರ್ಬೆನ್ಸ್ ಅವರನ್ನು ಕೆಳಗಿಳಿಸಿತು. ಹಂಚಿದ ಜಮೀನಿನ ಬಹುಪಾಲು ಹಳೆಯ ಒಡೆಯರಿಗೆ ಮರಳಿತು. 1960ರಿಂದ 1996ರವರೆಗಿನ ಅಂತರ್ಯುದ್ಧದಲ್ಲಿ 2 ಲಕ್ಷಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಸತ್ಯಶೋಧನಾ ಆಯೋಗ ಗುರುತಿಸಿದ ಬಲಿಪಶುಗಳಲ್ಲಿ ಶೇ. 83ರಷ್ಟು ಮಾಯಾ ಜನ.

ಕನ್ಸಾಸ್‌ನಿಂದ 40 ಡಾಲರ್ ಕಳಿಸುವ ಅಜ್ಜಿ ಇದರಲ್ಲಿ ಯಾವ ಪಾಪವನ್ನೂ ಮಾಡಿಲ್ಲ. ಆದರೆ ಮನುಷ್ಯ ಹುಟ್ಟುವುದೇ ಋಣ ಹೊತ್ತುಕೊಂಡು ಎಂಬುದನ್ನು ಪಿತೃಋಣ, ಋಷಿಋಣಗಳ ಮಾತು ಕೇಳಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಅಜ್ಜಿ ಕಳಿಸುವುದು ಹಳೆಯ ಬಾಕಿಯ ಸಣ್ಣ ಕಂತು. ಬಾಕಿ ತೀರಿಸುವವರು ಧನ್ಯವಾದಕ್ಕೆ ಕಾಯುವುದಿಲ್ಲ.

ಹಾಗೆ ಕಾಯದೆ ಕೊಟ್ಟವರೊಬ್ಬರಿದ್ದರು. ಅಮೆರಿಕದ ಒಕ್ಲಹೋಮಾದ ರೈತನ ಮಗ, ಪಾದ್ರಿ ಸ್ಟ್ಯಾನ್ಲಿ ರೋದರ್ 1968ರಲ್ಲಿ ಸಾಂತಿಯಾಗೊ ಅತಿತ್ಲಾನ್‌ಗೆ ಬಂದವರು ತ್ಸುತುಹಿಲ್ ಭಾಷೆ ಕಲಿತು, ಜನರ ಜೊತೆ ಹೊಲದಲ್ಲಿ ದುಡಿದರು. ಆ ಅಂತರ್ಯುದ್ಧದ ಕೊಲೆಗಾರರ ಪಟ್ಟಿಯಲ್ಲಿ ಹೆಸರಿದೆಯೆಂದು ತಿಳಿದು 1981ರ ಜನವರಿಯಲ್ಲಿ ತಾಯ್ನಾಡಿಗೆ ಹೋದರೂ ಈಸ್ಟರ್ ಹೊತ್ತಿಗೆ ವಾಪಸು ಬಂದರು. ಜುಲೈ 28ರಂದು ಅವರನ್ನು ಗುಂಡಿಕ್ಕಿ ಕೊಂದರು. ದೇಹ ಒಕ್ಲಹೋಮಾಕ್ಕೆ ಹೋಯಿತು. ಊರವರ ಕೋರಿಕೆಯಂತೆ ಹೃದಯವನ್ನು ಅತಿತ್ಲಾನ್‌ನಲ್ಲೇ ಉಳಿಸಿಕೊಂಡರು.

ಅಷ್ಟನ್ನು ಎಲ್ಲರಿಂದಲೂ ಕೇಳುವಂತಿಲ್ಲ. ಆದರೆ ಮಗುವಿನ ಕಾಗದಕ್ಕೆ ಕಾಯದೆ ತಾವೇ ಮೊದಲು ಬರೆದು, ತಮ್ಮ ಊರು, ಮಳೆ, ಕೆಲಸದ ಸುದ್ದಿ ಹೇಳಬಹುದು. ಹಣ ಯಾವುದಕ್ಕೆ ಎಂಬ ತೀರ್ಮಾನವನ್ನು, ಇಂಥದೇ ಇನ್ನೊಂದು ಸಂಸ್ಥೆಯಾದ ಅನ್‌ಬೌಂಡ್ ಮಾಡುವ ಹಾಗೆ ಮನೆಯವರಿಗೇ ಬಿಡಬಹುದು. ಗ್ವಾಟೆಮಾಲಾದ ಕಾಫಿ ಕೊಳ್ಳುವಾಗ, ಅದನ್ನು ಕೊಯ್ದವರಿಗೆ ಎಷ್ಟು ಕೂಲಿ ಸಿಕ್ಕಿತೆಂದು ಅಂಗಡಿಯವರನ್ನು ಕೇಳಬಹುದು.