ಎಡಬಲಗಳ ಪಾಲುಪಟ್ಟಿ

ಗಿಟಾರ್ ಪೆಡಲ್ ಕಟ್ಟುವವರಿಗೆ ಎಫ್‌ವಿ-1 ಹೊಸ ಹೆಸರಲ್ಲ. ಕೀತ್ ಬಾರ್ ಅವರ ಸ್ಪಿನ್ ಸೆಮಿಕಂಡಕ್ಟರ್ ತಂದ ಈ ಚಿಪ್‌ನಲ್ಲಿ ಧ್ವನಿ ಒಳಬರಲು ಎರಡು ದಾರಿ, ಹೊರಹೋಗಲು ಎರಡು ದಾರಿ. ಎಡ, ಬಲ ಚಾನೆಲ್‌ಗಳನ್ನು ಒಂದರ ಗೊಡವೆ ಇನ್ನೊಂದಕ್ಕಿಲ್ಲದಂತೆ ಸಂಸ್ಕರಿಸಬಹುದೇ ಎಂದು ಕೇಳಿದರೆ, ಧಾರಾಳವಾಗಿ ಎನ್ನಬೇಕು. ಹಾಗೆ ಬೇರ್ಪಡಿಸಿದ ಮೇಲೆ ಉಳಿಯುವುದು ಸ್ಟೀರಿಯೊ ಹೌದೇ ಎಂಬುದಷ್ಟೇ ನನ್ನ ತಕರಾರು.

ಆ ಸ್ವಾತಂತ್ರ್ಯ ಎಷ್ಟರಮಟ್ಟಿನದು ಎಂಬುದನ್ನು ಮೊದಲು ನೋಡೋಣ. ಪ್ರತಿ ಸ್ಯಾಂಪಲ್‌ಗೆ ಈ ಚಿಪ್ 128 ಆದೇಶಗಳನ್ನು ನಡೆಸುತ್ತದೆ. ಎಡಕ್ಕೂ ಬಲಕ್ಕೂ ಸೇರಿ ಅಷ್ಟೇ. ಡಿಲೇ ಮೆಮೊರಿಯಲ್ಲಿ 32,768 ಸ್ಯಾಂಪಲ್‌ಗಳಿಗೆ ಜಾಗ, ಮಾಮೂಲಿ ವೇಗದಲ್ಲಿ ಅದು ಒಂದು ಸೆಕೆಂಡು. ಎರಡು ಬದಿಗೂ ಪ್ರತ್ಯೇಕ ಪ್ರತಿಧ್ವನಿ ಬೇಕೆಂದರೆ ತಲಾ ಅರ್ಧ ಸೆಕೆಂಡು. ತಿರುಗಿಸುವ ನಾಬ್‌ಗಳು ಮೂರೇ. ಮೂರನ್ನು ಇಬ್ಬರಿಗೆ ಹೇಗೆ ಹಂಚುತ್ತೀರಿ? ಅಣ್ಣತಮ್ಮಂದಿರು ಪಾಲಾಗಿ ನಡುಮನೆಗೆ ಗೋಡೆ ಎಬ್ಬಿಸಿದರೂ ಹಿತ್ತಿಲ ಬಾವಿ ಒಂದೇ ಉಳಿಯುತ್ತದಲ್ಲ, ಹಾಗೆ. ಲೆಕ್ಕ ನಡೆಯುವ ಅಕ್ಯುಮ್ಯುಲೇಟರ್ ಸಹ ಒಂದೇ. ಎಡದ ಫಲಿತವನ್ನು ಹೊರಗೆ ಕಳಿಸುವ ಆದೇಶದ ತುದಿಯಲ್ಲಿ ಒಂದು ಗುಣಕ ಬರೆಯಬೇಕು. ಅಲ್ಲಿ 0 ಇದ್ದರೆ ಅಕ್ಯುಮ್ಯುಲೇಟರ್ ಬರಿದಾಗಿ ಬಲದ ಕೆಲಸಕ್ಕೆ ಅಣಿಯಾಗುತ್ತದೆ. 1 ಎಂದು ಬರೆದಿರೋ, ಎಡದ ಧ್ವನಿ ಅಲ್ಲೇ ಕುಳಿತು ಬಲದೊಳಗೆ ಬೆರೆಯುತ್ತದೆ. ಇಷ್ಟೆಲ್ಲ ಸ್ವಾತಂತ್ರ್ಯವೂ ಪ್ರೋಗ್ರಾಂ ಬರೆದವರು ನೆನಪಿಟ್ಟು ಹಾಕಿದ ಆ ಸೊನ್ನೆಯನ್ನು ನಂಬಿಕೊಂಡಿದೆ.

ಇನ್ನು ಕೇಳುವವರ ಕಡೆಗೆ ಬರೋಣ. ಪಕ್ಕದಿಂದ ಬಂದ ಸದ್ದು ಒಂದು ಕಿವಿಗಿಂತ ಇನ್ನೊಂದಕ್ಕೆ ತಡವಾಗಿ ತಲುಪುವುದು ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ. ಆ ಕೂದಲೆಳೆಯ ಅಂತರವನ್ನು, ಜೋರಿನ ವ್ಯತ್ಯಾಸವನ್ನು ಹೋಲಿಸಿಯೇ ಮಿದುಳು ದಿಕ್ಕು ಗುರುತಿಸುತ್ತದೆ. ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ 1931ರಲ್ಲಿ ಸಲ್ಲಿಸಿದ ಸ್ಟೀರಿಯೊ ಪೇಟೆಂಟ್ ಎರಡು ಸಂಕೇತಗಳ ಮೊತ್ತ, ವ್ಯತ್ಯಾಸಗಳ ಮೇಲೆಯೇ ಕೈಯಾಡಿಸಿತ್ತು. ಎಡದ ತಂತಿಯಲ್ಲಿ ಅರ್ಧ ಸ್ಟೀರಿಯೊ, ಬಲದಲ್ಲಿ ಇನ್ನರ್ಧ ಎಂದು ತಿಳಿದರೆ ತಪ್ಪಾದೀತು. ಎರಡನ್ನೂ ಹೋಲಿಸಿದಾಗಲೇ ಅದು ಹುಟ್ಟುವುದು.

ಜೋರಾದ ಸದ್ದನ್ನು ತಾನಾಗಿ ತಗ್ಗಿಸುವ ಕಂಪ್ರೆಸರ್‌ನ ಉದಾಹರಣೆ ಇದನ್ನು ಬಯಲು ಮಾಡುತ್ತದೆ. ಗಾಯಕಿ ನಡುವೆ, ಡ್ರಮ್ ಎಡಕ್ಕೆ ಎನ್ನಿ. ಡ್ರಮ್ಮಿನ ಪೆಟ್ಟು ಬಿದ್ದಾಗ ಎಡದ ಕಂಪ್ರೆಸರ್ ತನ್ನಷ್ಟಕ್ಕೆ 6 ಡೆಸಿಬೆಲ್ ಇಳಿಸಿದರೆ, ಎಡ ಚಾನೆಲ್‌ನಲ್ಲಿ ಗಾಯಕಿಯ ದನಿಯೂ ಇಳಿಯುತ್ತದೆ. ಬಲದಲ್ಲಿ ಹಾಗೇ ಇರುತ್ತದೆ. ಪ್ರತಿ ಪೆಟ್ಟಿಗೂ ಆಕೆ ಬಲಕ್ಕೆ ಜರುಗಿ ಮರಳುತ್ತಾಳೆ. ಎರಡು ಚಾನೆಲ್‌ಗಳೂ ತಮ್ಮ ತಮ್ಮ ಕೆಲಸ ನಿಯತ್ತಾಗಿ ಮಾಡಿವೆ, ಕೆಟ್ಟದ್ದು ಅವುಗಳ ನಂಟು. ಮದ್ದು ಸರಳ: ಎರಡರಲ್ಲಿ ಜೋರಾದುದನ್ನು ಅಳೆದು, ಇಳಿತವನ್ನು ಎರಡಕ್ಕೂ ಸಮನಾಗಿ ವಿಧಿಸುವುದು. ಧ್ವನಿಗಳು ಬೆರೆಯಬೇಕಿಲ್ಲ, ತೀರ್ಮಾನ ಒಂದಾದರೆ ಸಾಕು.

ಹಾಗೆಂದು ಎರಡನ್ನೂ ಒಂದೇ ಅಚ್ಚಿಗೆ ಒತ್ತಿದರೆ ವಿಸ್ತಾರವೇ ಸತ್ತು ಮೋನೊ ಆಗುತ್ತದೆ. ಒಂದು ದನಿಯನ್ನು ಹಲವಾಗಿ ಕೇಳಿಸುವ ಕೋರಸ್ ಎಫೆಕ್ಟ್‌ನಲ್ಲಿ ಇದಕ್ಕೊಂದು ಚೆಂದದ ದಾರಿಯಿದೆ. ಚಿಪ್‌ನ ಒಂದೇ ಆಂದೋಲಕ ಸೈನ್, ಕೊಸೈನ್ ಎರಡನ್ನೂ ಕೊಡುತ್ತದೆ. ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಕಟ್ಟಿದರೆ ಧ್ವನಿ ಅಗಲವಾಗಿ ಹರಡುತ್ತದೆ. ಬೇರೆತನ ಬಂದದ್ದು ಒಂದೇ ಮೂಲದಿಂದ!

ಎಡಕ್ಕೆ ಗಿಟಾರ್, ಬಲಕ್ಕೆ ಮೈಕ್ ಸಿಕ್ಕಿಸುವವರು ಈ ವಾದಕ್ಕೆ ನಗಬಹುದು. ಅವರಿಗೆ ಪೂರ್ತಿ ಪಾಲೇ ನ್ಯಾಯ. ಗಿಟಾರ್ ಜೋರಾಯಿತೆಂದು ಹಾಡುವವರ ದನಿ ಕುಗ್ಗಿಸಿದರೆ ಯಾರು ಸಹಿಸುತ್ತಾರೆ? ಅದು ಒಂದೇ ಪೆಟ್ಟಿಗೆಯಲ್ಲಿರುವ ಎರಡು ಮೋನೊ, ಅಷ್ಟೇ. ಚಿಪ್‌ಗೆ ಈ ಭೇದ ತಿಳಿಯದು, ಅದಕ್ಕೆ ಬರುವುದು ಬರಿಯ ವೋಲ್ಟೇಜು. ತಿಳಿದಿರಬೇಕಾದವರು ಪ್ರೋಗ್ರಾಂ ಬರೆಯುವವರು. ಹೊರಗಿನ ಮೆಮೊರಿಯಲ್ಲಿ ಎಂಟು ಪ್ರೋಗ್ರಾಂಗಳಿಗೆ ಜಾಗವಿದೆ. ಎರಡೂ ಬಗೆಯ ಕಂಪ್ರೆಸರ್ ಇಡಬಹುದಾದ ಕಡೆ ಒಂದನ್ನೇ ತುರುಕಿ ಕೈತೊಳೆದುಕೊಳ್ಳುವುದು ನನಗಂತೂ ಸೋಮಾರಿತನವಾಗಿ ಕಾಣುತ್ತದೆ.