ಗುದ್ದಿದವರ ಲೆಕ್ಕ ಯಾರ ಖಾತೆಗೆ?

ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೋ ಹೆಬ್ಬಾಳದ ಮೇಲ್ಸೇತುವೆಯ ಇಳಿಜಾರಿನಲ್ಲೋ ಒಂದು ಕಾರಿನ ಮೂತಿ ಇನ್ನೊಂದರ ಬೆನ್ನಿಗೆ ತಾಗುತ್ತದೆ. ಇಬ್ಬರೂ ಇಳಿಯುತ್ತಾರೆ. ದನಿ ಏರುತ್ತದೆ, ಹಿಂದಿನವರ ಹಾರ್ನು ಅದಕ್ಕಿಂತ ಜೋರಾಗುತ್ತದೆ. ಕೊನೆಗೆ ಗುದ್ದಿದವರ ಬಾಯಿಂದ ಆ ಮಾತು ಬರುತ್ತದೆ: “ಇನ್ಶೂರೆನ್ಸ್ ಇದ್ಯಲ್ಲ ಸಾರ್, ಕ್ಲೇಮ್ ಮಾಡ್ಕೊಳ್ಳಿ.”

ಯಾರ ಇನ್ಶೂರೆನ್ಸ್? ಗುದ್ದಿಸಿಕೊಂಡವರದ್ದು!

ಕಾನೂನು ಹೀಗೆ ಹೇಳುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಎದುರಿನವರ ಆಸ್ತಿಗಾದ ಹಾನಿಯೂ ಅದರಲ್ಲಿ ಸೇರಿದೆ. ಖಾಸಗಿ ಕಾರಿಗೆ ಅದರ ಮಿತಿ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿ. ಅಂದರೆ ಗುದ್ದಿದವರ ಪಾಲಿಸಿಯೇ ಆ ಬಂಪರಿನ ದುಡ್ಡು ಕೊಡಬೇಕು. ಆದರೆ ವಿಮಾ ಕಂಪನಿ ತಾನಾಗಿ ಒಪ್ಪದಿದ್ದರೆ ಅದನ್ನು ಪಡೆಯಲು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕು. ಎಂಟು ಸಾವಿರದ ಬಂಪರಿಗಾಗಿ ವಕೀಲರನ್ನು ಹಿಡಿಯುವವರು ಯಾರು? ಹಾಗಾಗಿ ತಪ್ಪಿಲ್ಲದವರು ತಮ್ಮ ಪಾಲಿಸಿಯನ್ನೇ ತೆಗೆಯುತ್ತಾರೆ.

ಅಲ್ಲಿಂದ ಶುರುವಾಗುವ ಲೆಕ್ಕ ವಿಚಿತ್ರವಾದದ್ದು. 1500 ಸಿಸಿ ಒಳಗಿನ ಕಾರಾದರೆ ಮೊದಲ ಸಾವಿರ ರೂಪಾಯಿ ಮಾಲೀಕರ ಕೈಯಿಂದಲೇ. ಜೀರೋ ಡೆಪ್ರಿಸಿಯೇಶನ್ ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಅರ್ಧ ಕಡಿತ. ಇಷ್ಟಾದ ಮೇಲೆ ನೋ ಕ್ಲೇಮ್ ಬೋನಸ್ಸಿನ ಸರದಿ. ಕ್ಲೇಮ್ ಮಾಡದ ವರ್ಷಗಳಿಗೆ ಕ್ರಮವಾಗಿ ಶೇ. 20, 25, 35, 45, ಕೊನೆಗೆ 50ರವರೆಗೆ ಏರುವ ಈ ರಿಯಾಯಿತಿ ಒಂದು ಕ್ಲೇಮಿಗೆ ಸೊನ್ನೆಗಿಳಿಯುತ್ತದೆ. ಸ್ವಂತ ವಾಹನದ ಹಾನಿಯ ಪ್ರೀಮಿಯಂ 12,000 ರೂಪಾಯಿ, ಅದು ಬದಲಾಗುವುದಿಲ್ಲ ಎಂದು ಇಟ್ಟುಕೊಳ್ಳೋಣ. ಶೇ. 50ರ ರಿಯಾಯಿತಿ ಕಳೆದುಕೊಂಡವರು ಮತ್ತೆ ಅಲ್ಲಿಗೆ ಹತ್ತುವಷ್ಟರಲ್ಲಿ 6,000, 3,600, 3,000, 1,800, 600 ಹೀಗೆ ಒಟ್ಟು 15,000 ರೂಪಾಯಿ ಹೆಚ್ಚಿಗೆ ಕಟ್ಟಿರುತ್ತಾರೆ. ಸಿಗ್ನಲ್ಲಿನಲ್ಲಿ ಸುಮ್ಮನೆ ನಿಂತಿದ್ದ ತಪ್ಪಿಗೆ!

ಕಂಪನಿಯನ್ನು ಬೈದು ಫಲವಿಲ್ಲ. ಕ್ಲೇಮ್ ಮಾಡದಿದ್ದುದಕ್ಕೆ ಅದು ಬೋನಸ್ ಕೊಡುತ್ತದೆ, ತಪ್ಪು ಮಾಡದಿದ್ದುದಕ್ಕಲ್ಲ. ಅದರ ಪುಸ್ತಕದಲ್ಲಿ ಜಮೆ, ಖರ್ಚು ಎಂಬ ಅಂಕಣಗಳಿವೆ. ಹೊಣೆ ಎಂಬ ಅಂಕಣ ಇಲ್ಲ. ದುಡ್ಡಿನ ಭಾರವನ್ನು ವಿಮೆಗೆ ದಾಟಿಸಿದಾಗ ತಪ್ಪಿನ ಭಾರವೂ ದಾಟಿಹೋಯಿತೇ? ನಮ್ಮ ರಸ್ತೆಗಳಲ್ಲಿ ದಿನವೂ ಏಳಬೇಕಾದ ಧರ್ಮದ ಪ್ರಶ್ನೆ ಇದು.

ಪ್ರಶ್ನೆ ಹೊಸದಲ್ಲ. ಮನುಸ್ಮೃತಿಯ ಅನೇಕ ವಿಧಿಗಳು ಇಂದು ಯಾರಿಗೂ ಒಪ್ಪಿಗೆಯಾಗಬೇಕಿಲ್ಲ, ಆಗಲೂಬಾರದು. ಆದರೆ ಅದರ ಎಂಟನೆಯ ಅಧ್ಯಾಯದಲ್ಲಿ ಗಾಡಿ ಅಪಘಾತದ ಬಗ್ಗೆ ಇರುವ ಭಾಗ ಯಾವ ಸರ್ವೇಯರಿಗೂ ಕುತೂಹಲ ಹುಟ್ಟಿಸುವಂಥದ್ದು. ಮೂಗುದಾರ ಹರಿದರೆ, ನೊಗ ಮುರಿದರೆ, ಅಚ್ಚು ಅಥವಾ ಗಾಲಿ ಒಡೆದರೆ ದಂಡವಿಲ್ಲ; ದಾರಿ ಬಿಡಿ ಎಂದು ಕೂಗಿ ಎಚ್ಚರಿಸಿದ್ದರೂ ಇಲ್ಲ. ಹೊಡೆಯುವವನಿಗೆ ಕೌಶಲವಿಲ್ಲದೆ ಗಾಡಿ ಅಡ್ಡಹೋಗಿ ಹಾನಿಯಾದರೆ ಯಜಮಾನನಿಗೆ 200 ಪಣ. ಕೌಶಲವಿದ್ದೂ ಹಾನಿ ಮಾಡಿದರೆ ದಂಡ ಹೊಡೆಯುವವನಿಗೇ. ಕೌಶಲವಿಲ್ಲದವನ ಗಾಡಿ ಹತ್ತಿದವರಿಗೂ ತಲಾ 100 ಪಣ! ಹಿಂದಿನ ಸೀಟಿನಲ್ಲಿ ಕುಳಿತು “ಬೇಗ ಹೋಗಪ್ಪಾ” ಎನ್ನುವವರು ಇದನ್ನೊಮ್ಮೆ ಯೋಚಿಸಬಹುದು. ಯಂತ್ರದ ತಪ್ಪು, ಚಾಲಕನ ತಪ್ಪು, ಕೆಲಸಕ್ಕಿಟ್ಟವನ ತಪ್ಪು ಎಂದು ಬಿಡಿಸಿ ನೋಡುವ ಹಟ ಅಲ್ಲಿದೆ.

ಜೈನರು ಇನ್ನೂ ಒಳಕ್ಕೆ ಹೋದರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಗೆ ಕೊಡುವ ಲಕ್ಷಣದಲ್ಲಿ ಮುಖ್ಯವಾದದ್ದು ದ್ವೇಷವಲ್ಲ, ಪ್ರಮಾದ, ಅಂದರೆ ಮೈಮರೆವು. ಮುನಿಗಳು ಪಾಲಿಸುವ ಈರ್ಯಾಸಮಿತಿಯೆಂದರೆ ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ಹೆಜ್ಜೆಯಿಡುವುದು. ಶ್ರವಣಬೆಳಗೊಳದ ಕಡೆ ಬರಿಗಾಲಲ್ಲಿ ನಡೆಯುವ ಮುನಿಯ ಪಕ್ಕದಲ್ಲೇ ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ವಾಟ್ಸಾಪ್ ಹಿಡಿದವರ ಕಾರು ಹಾದುಹೋಗುತ್ತದೆ. “ಬೇಕಂತ ಗುದ್ದಿದ್ನಾ?” ಎಂಬ ಅವರ ವಾದ ಆ ಸೂತ್ರದ ಮುಂದೆ ನಿಲ್ಲುವುದಿಲ್ಲ.

ಮೈಮರೆವೂ ಇರದಿದ್ದರೆ? ಇಂಗ್ಲೆಂಡಿನ ದಾರ್ಶನಿಕ ಬರ್ನಾರ್ಡ್ ವಿಲಿಯಮ್ಸ್ 1976ರ ಪ್ರಬಂಧವೊಂದರಲ್ಲಿ ತನ್ನ ತಪ್ಪಿಲ್ಲದೆಯೂ ಮಗುವಿನ ಮೇಲೆ ಲಾರಿ ಹರಿಸಿದ ಚಾಲಕನನ್ನು ಎದುರಿಗಿಟ್ಟುಕೊಂಡರು. ಸುತ್ತಲಿನವರು ಅವನನ್ನು ಸಮಾಧಾನ ಮಾಡುತ್ತಾರೆ, ಮಾಡಬೇಕು ಕೂಡ. ಆದರೆ ಅವನು ಅಷ್ಟು ಸುಲಭವಾಗಿ ಸಮಾಧಾನವಾಗಿಬಿಟ್ಟರೆ ಅವರಿಗೇ ಅನುಮಾನ ಬರುತ್ತದೆ. ಬಂಪರಿನ ಗೀರಿಗೆ ಅಷ್ಟು ದುಃಖ ಬೇಡ, ನಿಜ. ಆದರೂ ‘ಇದು ನನ್ನಿಂದ ಆಯಿತು’ ಎಂಬ ಒಂದು ಮಾತಾದರೂ ಬೇಡವೇ?

ಆ ಮಾತಿಗೆ ಬದಲು ಗ್ಯಾರೇಜಿನಲ್ಲಿ ಸಿದ್ಧವಾಗಿರುವುದು ಒಂದು ನಾಯಿ. ಕ್ಲೇಮ್ ಫಾರ್ಮಿನಲ್ಲಿ ಅಪಘಾತ ಹೇಗಾಯಿತೆಂದು ಬರೆಯುವ ಜಾಗದಲ್ಲಿ “ನಾಯಿ ಅಡ್ಡ ಬಂತು ಅಂತ ಹಾಕಿ ಸಾರ್” ಎಂಬ ಸಲಹೆ ಸಿಗುತ್ತದೆ. ಕರ್ನಾಟಕದ ಬೀದಿನಾಯಿಗಳು ಮಾಡದ ಅಪರಾಧಗಳಿಗೆ ಹೀಗೆ ಎಷ್ಟು ಫಾರ್ಮುಗಳಲ್ಲಿ ಹೊಣೆ ಹೊತ್ತಿವೆಯೋ! ಅದರ ಜೊತೆಗೆ ಹೋದ ವರ್ಷ ಗೇಟಿಗೆ ಉಜ್ಜಿದ ಬಾಗಿಲೂ ಹೊಸ ಗಾಯದ ಪಟ್ಟಿಗೆ ಸೇರುತ್ತದೆ. ನಷ್ಟ ಯಾರಿಗೂ ಅಲ್ಲ, ಕಂಪನಿಗೆ ತಾನೆ ಎಂಬ ಸಮಾಧಾನ. ಕಂಪನಿ ಕೊಡುವುದು ಸಾವಿರಾರು ಜನರ ಪ್ರೀಮಿಯಂ ಹಣವನ್ನೇ ಎಂಬುದನ್ನು ಆಗ ಯಾರೂ ನೆನೆಯುವುದಿಲ್ಲ. 1766ರಲ್ಲಿ ಲಂಡನ್ನಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್, ಸುಮಾತ್ರಾದ ಕೋಟೆಯೊಂದರ ವಿಮೆಯ ವ್ಯಾಜ್ಯದಲ್ಲಿ, ವಿಮೆ ನಿಂತಿರುವುದೇ ಇಬ್ಬರೂ ಮುಚ್ಚುಮರೆ ಮಾಡದ ನಂಬಿಕೆಯ ಮೇಲೆ ಎಂದರು. ಆ ವ್ಯಾಜ್ಯದಲ್ಲಿ ಗೆದ್ದದ್ದು ವಿಮೆ ಮಾಡಿಸಿದವರು, ವಿಮೆ ಕೊಟ್ಟವರಲ್ಲ. ಭಾರತದ ನ್ಯಾಯಾಲಯಗಳೂ ಅದೇ ತತ್ತ್ವವನ್ನು ಹಿಡಿದಿವೆ.

ವಿಮೆ ಹೊಣೆಗೇಡಿತನ ಕಲಿಸುತ್ತದೆ ಎಂದು ಅದನ್ನೇ ದೂರುವುದೂ ಸರಿಯಲ್ಲ. ದೊಡ್ಡ ಅಪಘಾತದಲ್ಲಿ ತಪ್ಪು ಯಾರದೆಂದು ಅಗೆಯುತ್ತ ಕೂತರೆ ಬಡವರ ಮನೆ ಉಪವಾಸ ಬೀಳುತ್ತದೆ. ಕಾಯ್ದೆಯ 164ನೇ ಕಲಮು ತಪ್ಪನ್ನು ಕೇಳದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಕೊಡಿಸುತ್ತದೆ. ಅದು ಕರುಣೆಯ ಕಾನೂನು. ಸಣ್ಣ ಗುದ್ದಿನ ಕತೆ ಬೇರೆ: ಅಲ್ಲಿ ತಪ್ಪು ಯಾರದೆಂದು ನಿಂತಿರುವ ಇಬ್ಬರಿಗೂ ಚೆನ್ನಾಗಿ ಗೊತ್ತಿರುತ್ತದೆ.

ಹಾಗಾಗಿ ಗುದ್ದಿದವರು ಸಾಧ್ಯವಿದ್ದರೆ ರಿಪೇರಿಯ ಬಿಲ್ಲನ್ನೇ ಕೊಡಲಿ. ಎದುರಿನವರು ತಮ್ಮ ವಿಮೆ ಬಳಸಲೇಬೇಕಾದರೆ ಅವರ ಕೈಯಿಂದ ಹೋಗುವ ಸಾವಿರವನ್ನೂ ಕಳೆದುಹೋಗುವ ಬೋನಸ್ಸನ್ನೂ ಲೆಕ್ಕ ಹಾಕಿ ತುಂಬಿಕೊಡಲಿ. ಫಾರ್ಮಿನಲ್ಲಿ ನಡೆದದ್ದನ್ನೇ ಬರೆಯಲಿ. ಸ್ವಂತ ತಪ್ಪಿನಿಂದಾದ ಡೆಂಟಿಗೂ ಪಾಲಿಸಿ ಹಣ ಕೊಡುತ್ತದೆ. ನಾಯಿಯನ್ನು ಕರೆತರುವ ಅಗತ್ಯವೇ ಇಲ್ಲ.